ಅಬ್ಬಾದ ಆ ಆಲ್ಬಮ್ ಸಪ್ಪೆಯಲ್ಲ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಸ್ವೀಡನ್ನಿನ ಪಾಪ್ ಸಂಗೀತ ತಂಡ ಅಬ್ಬಾ ಬಗ್ಗೆ ಬಂದ ಲೇಖನ ಓದಿದೆ. 1981ರ 'ದಿ ವಿಸಿಟರ್ಸ್' ಆಲ್ಬಮ್ಮಿಗೆ ಸಿಕ್ಕಿದ್ದು ಒಂದೇ ಮಾತು, 'ಸಪ್ಪೆ' ಅಂತ. ಬೇಜಾರಾಯಿತು.

1974ರಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ ಅಬ್ಬಾ ನನಗೂ ಇಷ್ಟ. ಆದರೆ ಈ ಆಲ್ಬಮ್ ಹೊತ್ತಿಗೆ ತಂಡದಲ್ಲಿದ್ದ ಎರಡೂ ಗಂಡ-ಹೆಂಡತಿ ಜೋಡಿಗಳು ಬೇರೆಯಾಗಿದ್ದರು. ಆಗಲೂ ಮೊದಲಿನಂತೆ ಕುಣಿಸಿ ಅಂದರೆ ಹೇಗೆ? ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ದನಿ ತಣ್ಣಗಾಯಿತು, ಮಾತು ಗಟ್ಟಿಯಾಯಿತು. ಶೀರ್ಷಿಕೆ ಗೀತೆಯಲ್ಲಿ ಸೋವಿಯತ್ ಸರ್ಕಾರವನ್ನು ಎದುರು ಹಾಕಿಕೊಂಡವರ ಭಯವಿದೆ. ಬಾಗಿಲ ಬೆಲ್ ಆದರೆ ಸಾಕು, ಜೀವ ಬಾಯಿಗೆ ಬರುತ್ತದೆ.

ಇನ್ನೊಂದು ಹಾಡಿನಲ್ಲಿ ತಾಯಿಯೊಬ್ಬಳು ಶಾಲೆಗೆ ಹೊರಟ ಮಗಳನ್ನು ನೋಡುತ್ತಾಳೆ. ತಂಡದ ಬ್ಯೋರ್ನ್ ತಮ್ಮ ಮಗಳನ್ನೇ ನೆನೆದು ಬರೆದದ್ದು, ಹಾಡಿದ್ದು ಆ ಮಗುವಿನ ತಾಯಿ, ತಂಡದ ಗಾಯಕಿ ಅಗ್ನೆತಾ. ನನ್ನ ಮಗಳು ಓದಲು ಸುರತ್ಕಲ್ಲಿಗೆ ಹೊರಟ ದಿನ, ಬಸ್ ಸ್ಟ್ಯಾಂಡಿನಿಂದ ಬಂದು ಅದನ್ನೇ ಹಾಕಿದೆ. ಅವಳಿಗೆ ಕಟ್ಟಿದ ಚಪಾತಿಯಲ್ಲಿ ಎರಡು ಉಳಿದಿದ್ದವು. ಹಾಡು ಮುಗಿಯುವವರೆಗೂ ಒಲೆ ಮುಂದೆ ನಿಂತೇ ಇದ್ದೆ.

ಸಪ್ಪೆ ಅಂತ ಬರೆದವರು ಅದೊಂದನ್ನು ಸುಮ್ನೆ ಕೂತು ಪೂರ್ತಿ ಕೇಳಲಿ.

– ಒಬ್ಬ ಓದುಗಿ, ಕುವೆಂಪುನಗರ, ಮೈಸೂರು