ಮಂದಿನ ಕಲ್ಲುಸಾಲುಗಳ ದುರಸ್ತಿಗೆ ದೇಣಿಗೆ ಮನವಿ: ಮೊದಲು ಚರಂಡಿ, ಆಮೇಲೆ ಮೆಟ್ಟಿಲು

ಊರಿನಲ್ಲಿರುವವರಿಗೂ, ಬೆಂಗಳೂರು ಮೈಸೂರು ಸೇರಿ ನಮ್ಮ ಕೊಡಗಿನ ಸುಗ್ಗಿಹಬ್ಬ ಹುತ್ತರಿಗೆ ಮಾತ್ರ ಬಂದು ಹೋಗುವವರಿಗೂ, ಕೋಲಾಟ ನೋಡಲೆಂದೇ ದೂರದಿಂದ ಬರುವ ಅತಿಥಿಗಳಿಗೂ ಮಂದ್ ಸಮಿತಿಯ ನಮಸ್ಕಾರಗಳು.

ನಮ್ಮ ಮಂದಿನ, ಅಂದರೆ ಊರ ಬಯಲಿನ, ಕಲ್ಲುಮೆಟ್ಟಿಲುಗಳಲ್ಲಿ ಮೇಲಿನ ಮೂರು ಸಾಲು ಬಡಗಣ ಬದಿಯಲ್ಲಿ ಮುಂದಕ್ಕೆ ವಾಲಿವೆ. ಹಗ್ಗ ಕಟ್ಟಿ ಅಲ್ಲಿ ಯಾರೂ ಕೂರದಂತೆ ಮಾಡಿದ್ದೇವೆ. ಇದನ್ನು ಕಂಡವರು ಹೇಳುವ ಮೊದಲ ಮಾತು, "ಹಳೇ ಕಟ್ಟು, ಆಯುಸ್ಸು ಮುಗಿಯಿತು" ಎಂದು. ಅದು ತಪ್ಪು. ಸಿಮೆಂಟ್ ಇಲ್ಲದೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಈ ಕಟ್ಟಿನ ಕೆಳಗಿನ ನಾಲ್ಕು ಸಾಲು ಇವತ್ತಿಗೂ ಗುಂಡುಕಲ್ಲಿನಂತೆ ಕೂತಿದೆ. ಮೇಲಿನದನ್ನು ತಳ್ಳಿದ್ದು ವಯಸ್ಸಲ್ಲ, ನೀರು. ಆದ್ದರಿಂದ ಈ ಮನವಿಯಲ್ಲಿ ನಾವು ಕೇಳುತ್ತಿರುವ ದೇಣಿಗೆಯ ಬಹುಪಾಲು ಮಣ್ಣಿನಡಿ ಹೋಗುವಂಥದ್ದು, ಕಣ್ಣಿಗೆ ಕಾಣದ್ದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೊರಗಿನವರಿಗಾಗಿ ಎರಡು ಮಾತು. ಮಂದ್ ಎಂದರೆ ಊರು ಸೇರುವ ಹಸಿರು ಬಯಲು. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಹುತ್ತರಿಯ ದಿನ ಗೊತ್ತಾಗಿ, ಕದಿರು ತೆಗೆದು ಮನೆ ತುಂಬಿಸಿಕೊಂಡ ಮೇಲಿನ ದಿನಗಳಲ್ಲಿ ಕೋಲಾಟ, ಪರೆಯಕಳಿ (ಗುರಾಣಿ ಹಿಡಿದು ಬೆತ್ತದಲ್ಲಿ ಹೊಡೆದಾಡುವ ಆಟ) ನಡೆಯುವುದು ಇಲ್ಲಿ. ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದವರು ಹಾಡುತ್ತಾರೆ, ಸುತ್ತಲೂ ಕೋಲು ಹಿಡಿದವರು ವೃತ್ತವಾಗಿ ಹೆಜ್ಜೆ ಹಾಕುತ್ತಾರೆ. ಇದೇ ಬಯಲಿನಲ್ಲಿ ಆಯುಧ ಪೂಜಿಸುವ ಹಬ್ಬವಾದ ಕೈಲ್ ಮುಹೂರ್ತದ ಆಟಗಳು, ಶಾಲೆಯ ವಾರ್ಷಿಕೋತ್ಸವ, ಆಗೊಮ್ಮೆ ಈಗೊಮ್ಮೆ ನಾಟಕ, ಸುಗಮ ಸಂಗೀತ, ಯಕ್ಷಗಾನ. ನಮ್ಮದರ ವಿಶೇಷವೆಂದರೆ ಪಡುವಣ ಬದಿಯ ಇಳಿಜಾರನ್ನು ಕಡಿದು ಅರ್ಧ ವೃತ್ತದಲ್ಲಿ ಕಟ್ಟಿದ ಏಳು ಸಾಲು ಕೂರುಗಲ್ಲು.

ಈ ಏಳು ಸಾಲನ್ನು ಕಟ್ಟಿದವರಿಗೆ ಜಾಗದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕೋಲು ಆಡುವ ಸಮತಟ್ಟು 60 ಅಡಿ ಅಡ್ಡಳತೆ. ಮೊದಲ ಸಾಲು ನಡುಬಿಂದುವಿನಿಂದ 33 ಅಡಿ, ಏಳನೆಯದು 51 ಅಡಿ. ಒಂದೊಂದು ಸಾಲು 3 ಅಡಿ ಹಿಂದೆ, 15 ಇಂಚು ಮೇಲೆ. ಹಾಗಾಗಿ ಮುಂದೆ ಕೂತವರ ತಲೆ ಅಡ್ಡ ಬರುವುದಿಲ್ಲ, ಪೇಟ ಕಟ್ಟಿಕೊಂಡಿದ್ದರೂ ಕೂಡ. ಸಾಲುಗಳ ಉದ್ದ ಒಟ್ಟು 920 ಅಡಿ. ನಡುವಿನ ಎರಡು ಇಳಿದಾರಿ ಬಿಟ್ಟು, ಒಬ್ಬರಿಗೆ ಒಂದೂವರೆ ಅಡಿಯಂತೆ 570 ಜನ ಕೂರಬಹುದು. 51 ಅಡಿ ಎಂದರೆ ಹದಿನೈದೂವರೆ ಮೀಟರ್. ಅಷ್ಟು ದೂರಕ್ಕೆ ಎತ್ತಿದ ದನಿ ಮೈಕಿಲ್ಲದೆ ಮುಟ್ಟುತ್ತದೆ. ಬೆನ್ನ ಹಿಂದಿನ ಕಲ್ಲಿನ ಮುಖಗಳು ದನಿಯನ್ನು ಹೀರದೆ ಹಿಂದಿರುಗಿಸುತ್ತವೆ. ಮೇಲೆ ತಗಡಿನ ಚಾವಣಿ ಹಾಕಿಸಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ತಗಡು ಬಂದರೆ ದುಡಿಯ ಸದ್ದು ಎರಡೆರಡಾಗಿ ಕೇಳುತ್ತದೆ, ಒಂದು ಹನಿ ಮಳೆಗೆ ಮಾತೇ ಮುಳುಗುತ್ತದೆ. ಮೇಲಾಗಿ ಕೂತವರ ಮುಖ ಮೂಡಣಕ್ಕೆ. ಸಂಜೆಯ ಸೂರ್ಯ ಬೆನ್ನಿಗೆ, ಹುತ್ತರಿಯ ಚಂದ್ರ ಮುಖಕ್ಕೆ. ಇದನ್ನು ತಗಡಿನಡಿ ಕೂತು ನೋಡುವುದುಂಟೇ?

ಕೆಟ್ಟದ್ದು ಎಲ್ಲಿ

ಮೆಟ್ಟಿಲುಗಳ ಮೇಲ್ಭಾಗದಲ್ಲಿ ಸುಮಾರು ಅರ್ಧ ಎಕರೆ ಇಳಿಜಾರು ತೋಟದ ನೀರು ನೇರ ಮಂದಿನ ಕಡೆಗೇ ಇಳಿಯುತ್ತದೆ. ಅರ್ಧ ಎಕರೆ ಎಂದರೆ 2,000 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರಿಗೆ ಒಂದು ಲೀಟರ್. 100 ಮಿಲಿಮೀಟರ್ ಬಿದ್ದ ದಿನ, ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದು ದೊಡ್ಡ ಸುದ್ದಿಯೇ ಅಲ್ಲ, ಎರಡು ಲಕ್ಷ ಲೀಟರ್. ಸ್ವಲ್ಪ ಮಣ್ಣು ಕುಡಿದರೂ ಉಳಿದದ್ದು ಹರಿಯಲೇಬೇಕು.

ಹಿಂದೆ ಮೇಲ್ಗಡೆ ಅರ್ಧಚಂದ್ರಾಕಾರದ ಕಲ್ಲುಕಟ್ಟಿನ ಚರಂಡಿ ಇತ್ತು. ಅದರಲ್ಲಿ ಸಿಲ್ವರ್ ಓಕಿನ ಎಲೆ ತುಂಬಿತು. ಈ ಎಲೆ ಬೇಗ ಕೊಳೆಯುವುದಿಲ್ಲ. ಒಂದರ ಮೇಲೊಂದು ಚಾಪೆಯಂತೆ ಕೂತು ಮಣ್ಣನ್ನು ಹಿಡಿಯುತ್ತದೆ. ಎರಡು ವರ್ಷ ಬಾಚದಿದ್ದರೆ ಚರಂಡಿ ಇದ್ದ ಗುರುತೇ ಇರುವುದಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ಕೊಡಗಿನ ಹಲವೆಡೆ ಗುಡ್ಡಗಳು ನೀರು ಕುಡಿದು ಸಡಿಲವಾದಾಗ ಇಲ್ಲಿಯೂ ಮೇಲಿನ ಸಾಲಿನ ಹಿಂದಿನ ಮಣ್ಣು ಉಬ್ಬಿ ಸಂದುಗಳು ಬಿಟ್ಟವು. ಆಗ ಅವಸರದಲ್ಲಿ ಮಾಡಿದ ರಿಪೇರಿಯೇ ನಿಜವಾದ ಹಾನಿ. ಬಿಟ್ಟ ಸಂದುಗಳಿಗೆಲ್ಲ ಸಿಮೆಂಟ್ ಬಡಿದರು. ಆ ಸಂದುಗಳ ನಡುವೆಯೇ ನೀರು ಹೊರಹೋಗುವ ಕಿಂಡಿಗಳೂ ಇದ್ದವು, ಅವೂ ಮುಚ್ಚಿಹೋದವು. ನೋಡಲು ಮಾತ್ರ ಚೊಕ್ಕ.

ಕಿಂಡಿ ಮುಚ್ಚಿದ ಗೋಡೆಯ ಹಿಂದೆ ಎರಡು ಅಡಿ ನೀರು ನಿಂತರೆ ಒಂದೊಂದು ಅಡಿ ಉದ್ದಕ್ಕೆ ಸುಮಾರು 55 ಕಿಲೋ ತೂಕದಷ್ಟು ತಳ್ಳುತ್ತದೆ. 40 ಅಡಿಯ ಸಾಲಿಗೆ ಎರಡು ಟನ್ನಿಗೂ ಮೇಲೆ, ಅದೂ ನೀರಿನ ಒತ್ತಡ ಮಾತ್ರ. ನೆನೆದ ಜೇಡಿಮಣ್ಣಿನ ಭಾರ ಬೇರೆ. ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ ಎಷ್ಟು ಮಳೆಗಾಲ ತಡೆದೀತು? ಜೊತೆಗೆ ಸುಣ್ಣದ ಗಾರೆ ಉಸಿರಾಡುವ ವಸ್ತು, ಸಿಮೆಂಟ್ ಬಿಗಿ. ಒಳಗಿನ ತೇವ ಹೊರಬರಲಾಗದೆ ಹಳೆಯ ಸುಣ್ಣ ಪುಡಿಯಾಯಿತು. ಪುಡಿಯಾದ ಸಂದಿನಲ್ಲಿ ಹಕ್ಕಿ ಹಾಕಿದ ಬಸರಿ, ಅರಳಿ ಬೀಜ ಮೊಳೆತವು. ಸಸಿ ಪೆನ್ಸಿಲ್ ದಪ್ಪ ಇರುವಾಗ ಕೈಯಲ್ಲಿ ಕೀಳಬಹುದು. ಹೆಬ್ಬೆರಳು ದಪ್ಪವಾದರೆ ಕಿತ್ತಾಗ ಕಲ್ಲೇ ಬರುತ್ತದೆ.

ಏನು ಮಾಡುತ್ತೇವೆ, ಎಷ್ಟು ಬೇಕು

ಕೆಲಸ ಮೇಲಿನಿಂದ ಕೆಳಕ್ಕೆ. ಮೊದಲು ತಡೆಚರಂಡಿ: ಮೆಟ್ಟಿಲ ಹಿಂದೆ 190 ಅಡಿ ಕಮಾನು, ಅಲ್ಲಿಂದ ತೋಡಿನವರೆಗೆ (ಹಳ್ಳದವರೆಗೆ) 80 ಅಡಿ, ಒಟ್ಟು 270 ಅಡಿ. ಅಗಲ, ಆಳ ಎರಡೂ ಒಂದೂವರೆ ಅಡಿ. 100 ಅಡಿಗೆ ಒಂದು ಅಡಿ ಇಳುಕಲು. ಅರ್ಧ ಎಲೆ ತುಂಬಿದರೂ ಗಂಟೆಗೆ 60 ಮಿಲಿಮೀಟರ್ ಸುರಿಯುವ ಮಳೆಯ ನೀರನ್ನು ಇದು ದಾಟಿಸುತ್ತದೆ, ಲೆಕ್ಕ ಹಾಕಿಯೇ ಅಳತೆ ಇಟ್ಟಿದ್ದೇವೆ. ತಳಕ್ಕೂ ಎರಡು ಬದಿಗೂ ಕಾಡುಕಲ್ಲು ಹಾಸಲು ಸುಮಾರು 900 ಘನ ಅಡಿ ಕಲ್ಲು ಬೇಕು. 150 ಘನ ಅಡಿಯ ಟಿಪ್ಪರ್ ಲೆಕ್ಕದಲ್ಲಿ 6 ಲೋಡು. ಮೇಲಿನ ತೋಟದವರು ತಮ್ಮ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ (ಮಳೆನೀರು ಹಿಡಿಯುವ ಉದ್ದ ಗುಂಡಿ) ತೆಗೆಸಲು ಒಪ್ಪಿದ್ದಾರೆ. ಅದರಿಂದ ಹೂಳು ಅಲ್ಲೇ ನಿಲ್ಲುತ್ತದೆ, ಅವರ ಮಣ್ಣೂ ಉಳಿಯುತ್ತದೆ.

ಆಮೇಲೆ ವಾಲಿದ ಮೂರು ಸಾಲು, ತಲಾ 40 ಅಡಿ, 120 ಅಡಿ. ಬಿಚ್ಚುವ ಮುನ್ನ ಪ್ರತಿ ಕಲ್ಲಿಗೂ ಸುಣ್ಣದಲ್ಲಿ ನಂಬರು ಬರೆದು ಫೋಟೊ ತೆಗೆಯುತ್ತೇವೆ; ಇದ್ದ ಕಲ್ಲು ಇದ್ದ ಜಾಗಕ್ಕೇ ಹೋಗಬೇಕು. ಗೋಡೆಗೆ ಬೇಕಾದ 405 ಘನ ಅಡಿಯಲ್ಲಿ ಮುಕ್ಕಾಲು ಪಾಲು ಹಳೆಯ ಕಲ್ಲೇ ಸಿಗುತ್ತದೆ. ಹೊಸದು 100 ಘನ ಅಡಿ ಸಾಕು. ಗೋಡೆಯ ಹಿಂದೆ 9 ಇಂಚು ಅಗಲಕ್ಕೆ ಜಲ್ಲಿ, ಒಟ್ಟು 180 ಘನ ಅಡಿ. ಜಲ್ಲಿಯ ಬುಡದಲ್ಲಿ ತೂತಿರುವ 4 ಇಂಚಿನ ಪಿವಿಸಿ ಪೈಪು, 20 ಅಡಿಯವು ಆರು. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಇದನ್ನು ಬಿಟ್ಟರೆ ಮೂರು ಮಳೆಗಾಲದಲ್ಲಿ ಜೇಡಿ ಜಲ್ಲಿಯೊಳಗೆ ಸೇರಿ ಮತ್ತೆ ಮೊದಲಿನ ಕಥೆ. ಐದು ಅಡಿಗೊಂದರಂತೆ 24 ಕಿಂಡಿ. ಕೂರುವ ಚಪ್ಪಡಿಗಳಲ್ಲಿ ಒಡೆದಿರುವುದು 60 ಚದರ ಅಡಿ ಮಾತ್ರ.

ಉಳಿದ ಸಾಲುಗಳಲ್ಲಿ ಸಿಮೆಂಟ್ ಕಿತ್ತು ಸುಣ್ಣದ ಗಾರೆ ತುಂಬುವುದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣವನ್ನು ಕನಿಷ್ಠ ಎರಡು ವಾರ ನೀರಿನಲ್ಲಿ ನೆನೆಸಿಟ್ಟಿರಬೇಕು. ಹಚ್ಚಿದ ಮೇಲೆ ಒದ್ದೆ ಗೋಣಿ ಹೊದಿಸಬೇಕು, ಬಿಸಿಲಿಗೆ ಬೇಗ ಒಣಗಿದರೆ ಉದುರುತ್ತದೆ. ಸಿಮೆಂಟಿನಂತೆ ಮರುದಿನ ಗಟ್ಟಿಯಾಗುವುದೂ ಇಲ್ಲ. ಮಳೆಗಾಲಕ್ಕೆ ಮುಂಚೆ ಒಂದೆರಡು ತಿಂಗಳಾದರೂ ಸಿಗಬೇಕು.

ವಯಸ್ಸಾದವರಿಗೆ, ಗಾಲಿಕುರ್ಚಿಯವರಿಗೆ ರಸ್ತೆಯಿಂದ ಮೊದಲ ಸಾಲಿಗೆ ಇಳಿಜಾರು ದಾರಿ: ಎರಡು ಅಡಿ ಇಳಿಯಬೇಕು, 12ಕ್ಕೆ 1ರಂತೆ 24 ಅಡಿ ಉದ್ದ. ವಿದ್ಯುತ್ತಿಗೆ ಒಂದು ಅರ್ಥಿಂಗ್ ಗುಂಡಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಕಡಿಯುವ ಸ್ವಿಚ್). ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಆಡುವ ಜಾಗ ಇದು, ಇಲ್ಲಿ ಉಳಿತಾಯ ಮಾಡುವಂತಿಲ್ಲ.

ಯಾವಾಗ

ಇಲ್ಲಿ ಒಂದು ಇಕ್ಕಟ್ಟಿದೆ. ಗಾರೆ ಕೆಲಸಕ್ಕೆ ಒಣ ಹವೆ ಬೇಕು, ಅದು ಡಿಸೆಂಬರಿನಿಂದ ಏಪ್ರಿಲ್. ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು ಮುಗಿಯುತ್ತ ರೋಬಸ್ಟಾ ಶುರುವಾಗಿರುತ್ತದೆ, ಆಳು ಸಿಗುವುದಿಲ್ಲ. ಮೇಲಾಗಿ ತೋಟದವರ ಕೈಗೆ ಹಣ ಬರುವುದು ಕಾಫಿ ಮಾರಿದ ಮೇಲೆ. ನಮಗೆ ಕಲ್ಲು ತರಿಸಲು ಬೇಕಿರುವುದು ಅದಕ್ಕೂ ಮೊದಲು. ಹೀಗಾಗಿ ಹುತ್ತರಿ ಕೋಲು ಮುಗಿದ ವಾರದಲ್ಲೇ ಕೊಡಬಲ್ಲವರು, ವಿಶೇಷವಾಗಿ ಸಂಬಳದವರು, ಮೊದಲ ಕಂತನ್ನು ಕೊಟ್ಟರೆ ಜನವರಿಯಲ್ಲಿ ಚರಂಡಿ ಮುಗಿಯುತ್ತದೆ. ಕಾಫಿ ಹಣದ ದೇಣಿಗೆ ಮಾರ್ಚ್‌ನಲ್ಲಿ ಬಂದರೂ ಸರಿ, ಅದು ಮೆಟ್ಟಿಲಿಗೆ. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ ಗಾರೆ ಕೆಲಸ ನಿಲ್ಲುತ್ತದೆ. ಅದಕ್ಕೆ ಬೇಸರಪಡುವವರು ನಮ್ಮೂರಲ್ಲಿ ಯಾರೂ ಇರಲಾರರು.

ಅರ್ಧ ಹಣವೇ ಸೇರಿದರೆ? ತಡೆಚರಂಡಿ ಮಾತ್ರ ಮಾಡಿ, ವಾಲಿದ ಸಾಲುಗಳಿಗೆ ಟಾರ್ಪಾಲು ಹೊದಿಸಿ ನಿಲ್ಲಿಸುತ್ತೇವೆ. ಕೆಳಗಿನ ನಾಲ್ಕು ಸಾಲಿನಲ್ಲಿ 290 ಜನ ಕೂರಬಹುದು, ಹಬ್ಬ ನಡೆಯುತ್ತದೆ. ಮೆಟ್ಟಿಲು ಮೊದಲು ಕಟ್ಟಿ ಚರಂಡಿ ಬಿಟ್ಟರೆ ಮಾತ್ರ ಮೆಟ್ಟಿಲು, ಹಣ ಎರಡೂ ಹೋಗುತ್ತದೆ. ಆದ್ದರಿಂದ "ನನ್ನ ಹಣ ಮೆಟ್ಟಿಲಿಗೇ ಹಾಕಿ" ಎಂಬ ಷರತ್ತು ಬೇಡ ಎಂದು ಕೇಳಿಕೊಳ್ಳುತ್ತೇವೆ. ಸ್ವಾಗತ ಕಮಾನು ಕಟ್ಟಿಸಿಕೊಡುತ್ತೇವೆ ಎಂದ ಹಿತೈಷಿಗಳಿಗೂ ಇದೇ ವಿನಂತಿ. ಕೂರುಗಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುವುದಿಲ್ಲ. ಹಿರಿಯರ ಹೆಸರಿನ ಮೇಲೆ ಯಾರೋ ಕೂರುವುದು ಯಾರಿಗೂ ಹಿತವಲ್ಲ. ಹೆಸರುಗಳು ಪುಸ್ತಕದಲ್ಲಿರುತ್ತವೆ.

ಹೇಗೆ ಕೊಡುವುದು

ರೂಪಾಯಿ ದರವನ್ನು ಇಲ್ಲಿ ಅಚ್ಚು ಹಾಕಿಲ್ಲ. ಕಲ್ಲು, ಜಲ್ಲಿ, ಕೂಲಿ ಮೂರೂ ಕೊಯ್ಲಿನ ಹೊತ್ತಿಗೆ ಏರಿಳಿಯುತ್ತವೆ. ಆ ತಿಂಗಳ ಕೊಟೇಷನ್ ಮಂದಿನ ಫಲಕದಲ್ಲಿ ಇರುತ್ತದೆ. ಒಂದು ಲೋಡು ಕಲ್ಲು, ಒಂದು ಪೈಪು, ಹತ್ತು ಅಡಿ ಚರಂಡಿ, ಮೇಸ್ತ್ರಿಯ ಒಂದು ದಿನದ ಕೂಲಿ ಎಂದು ನಿಮಗೆ ಹೊಂದುವಷ್ಟನ್ನು ವಹಿಸಿಕೊಳ್ಳಬಹುದು.

ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿಯ ರಸೀದಿ (80ಜಿ ಎಂದು ಕರೆಯುವುದು) ಬೇಕಾದವರು ಗಮನಿಸಿ: 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ವಿನಾಯಿತಿ ಸಿಗದು, ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಕೊಡಿ. ಕಲ್ಲು, ಮರಳು ರೂಪದ ದಾನಕ್ಕೂ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಅನ್ವಯಿಸದು. ವಿದೇಶದಲ್ಲಿರುವ ಭಾರತೀಯ ಪ್ರಜೆಗಳು ತಮ್ಮ ಉಳಿತಾಯದಿಂದ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದರೂ, ದಯವಿಟ್ಟು ಕಳಿಸಬೇಡಿ, ನಮಗೆ ವಿದೇಶಿ ದೇಣಿಗೆಯ ನೋಂದಣಿ ಇಲ್ಲ. ಖಾತೆಯ ವಿವರ ಸಮಿತಿಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ಮಾತ್ರ ಇದೆ. ಮೊಬೈಲಿನಲ್ಲಿ ಸುತ್ತುವ ಕ್ಯೂಆರ್ ಚಿತ್ರಕ್ಕೆ ಹಣ ಹಾಕಬೇಡಿ.

ಶ್ರಮದಾನಕ್ಕೆ ಭಾನುವಾರಗಳಲ್ಲಿ ಬರಬಹುದು. ಎಲೆ ಬಾಚುವುದು, ಮರಳು ಜರಡಿ ಹಿಡಿಯುವುದು, ಜಲ್ಲಿ ಹೊರುವುದು ನಿಮ್ಮದು. ಕಲ್ಲು ಕೂರಿಸುವುದು ಮೇಸ್ತ್ರಿಯದು. ಹಾರೆ, ಬುಟ್ಟಿ ಇದ್ದವರು ತನ್ನಿ. ಮಂದಿನ ಹಿರಿಮರದ ಬೇರಿಗೆ ಯಾರೂ ಕತ್ತಿ ಹಾಕಬಾರದು, ಚರಂಡಿಯೇ ಅದನ್ನು ಸುತ್ತಿಕೊಂಡು ಹೋಗುತ್ತದೆ.

ಈ ವರ್ಷ ಕೋಲಾಟಕ್ಕೆ ಬರುವವರಿಗೂ ಒಂದೆರಡು ಸೂಚನೆ. ವಾಹನ ಶಾಲೆಯ ಮೈದಾನದಲ್ಲಿ ನಿಲ್ಲಿಸಿ. ಪಾಚಿ ಜಾರುತ್ತದೆ, ಎತ್ತರದ ಹಿಮ್ಮಡಿ ಬೇಡ. ಮಂದಿಗೆ ಇಳಿಯುವಾಗ ಚಪ್ಪಲಿ ಬಿಡುವುದು ಇಲ್ಲಿನ ಕ್ರಮ. ಕಲ್ಲು ಸಂಜೆಗೆ ತಣ್ಣಗಾಗುತ್ತದೆ, ಒಂದು ಚಾಪೆ ಇರಲಿ. ಹಗ್ಗದ ಆಚೆ ಮಕ್ಕಳನ್ನು ಬಿಡಬೇಡಿ. ಸಂಗೀತ ಕಾರ್ಯಕ್ರಮದ ದಿನ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲುತ್ತದೆ. ಹಿಂದಿರುಗಲು ಟಾರ್ಚ್ ಬೇಕೇ ಬೇಕು.

ಕೆಲಸ ಮುಗಿದ ಮೇಲೆ, ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಟ್ಯಾಂಕರಿನಲ್ಲಿ 4,000 ಲೀಟರ್ ನೀರು ತಂದು ಹೊಸ ಗೋಡೆಗಳ ಹಿಂದೆ ಬಿಡುತ್ತೇವೆ. 24 ಕಿಂಡಿಗಳಲ್ಲೂ ನೀರು ಬರಬೇಕು. ಬಾರದಿದ್ದ ಕಡೆ ಅಂದೇ ಗುರುತು ಹಾಕಿ ಬಿಚ್ಚಿಸುತ್ತೇವೆ, ಮೇಸ್ತ್ರಿಯ ಕೊನೆಯ ಕಂತು ಅದಾದ ಮೇಲೆಯೇ. ದಾನಿಗಳು ಅವತ್ತು ಬಂದು ಕಿಂಡಿ ಎಣಿಸಿಕೊಳ್ಳಬಹುದು. ಕಾಫಿ, ಕಡುಬು ಇರುತ್ತದೆ.

ಮಂದ್ ಸಮಿತಿಯ ಪರವಾಗಿ,
ಅಧ್ಯಕ್ಷರು ಮತ್ತು ಸದಸ್ಯರು