ಗೆಳೆಯನಿಗೊಂದು ಪತ್ರ: ಆ ಹಸಿರು ಬಟನ್ ಮಾತ್ರ ತೆಗೆಯಬೇಡ

ಗೆಳೆಯಾ,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳೋಕೆ ಆಗಲಿಲ್ಲ. ತೋಟಕ್ಕೆ ಕಾಯಿ ಕೆಡವುವವರು ಬಂದಿದ್ದರು, ಎಣಿಕೆ ನಡೆಯುವಾಗ ಮಾತಿಗೆ ನಿಂತರೆ ಲೆಕ್ಕ ತಪ್ಪುತ್ತೆ. ನಿಮ್ಮ ಆಫೀಸಿನಲ್ಲಿ ರೈತರಿಗಾಗಿ ಹೊಸ ಮೊಬೈಲ್ ಸ್ಟಾರ್ಟರ್, ಅಂದರೆ ಫೋನಿನಿಂದಲೇ ಪಂಪ್ ಮೋಟಾರ್ ಆನ್ ಆಫ್ ಮಾಡುವ ಬಾಕ್ಸ್ ಮಾಡುತ್ತಿದ್ದೀರಿ, ಅದರಲ್ಲಿ ಬಟನ್ನೇ ಇರುವುದಿಲ್ಲ, ಎಲ್ಲಾ ಆ್ಯಪ್‌ನಲ್ಲೇ, ಬಾಕ್ಸ್ ನೋಡೋಕೂ ಚೆಂದ, ಖರ್ಚೂ ಕಡಿಮೆ, ನಿಂಗೇನನ್ನಿಸುತ್ತೆ ಅಂದೆಯಲ್ಲ. ಬೇಡ ಕಣೋ. ಬಟನ್ ಇರಲಿ. ಯಾಕೆ ಅಂತ ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿನ್ನ ಹಾಗೆ ಕೆಲಸ ಮಾಡುವ ಬೇರೆಯವರ ಕಣ್ಣಿಗೂ ಬೀಳಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ನಾವು ಪಿಯುಸಿ ಓದುವಾಗ ನೀನು ಪರೀಕ್ಷೆ ಸಮಯದಲ್ಲಿ ನಮ್ಮನೆಯಲ್ಲೇ ಮಲಗುತ್ತಿದ್ದೆ. ಆಗಿನ ರಾತ್ರಿಗಳು ನೆನಪಿರಬೇಕು. ಒಂದೋ ಎರಡೋ ಗಂಟೆಗೆ ಪಂಪ್ ಓಡಿಸೋಕೆ ಬೇಕಾದ ತ್ರೀ ಫೇಸ್ ಕರೆಂಟ್ ಬರೋದು. ಅಪ್ಪ ಎದ್ದು ಟವೆಲ್ ತಲೆಗೆ ಸುತ್ತಿಕೊಂಡು ಟಾರ್ಚ್ ಹಿಡಿದು ತೋಟಕ್ಕೆ ಹೊರಡುತ್ತಿದ್ದ. ಬದುವಿನ ಮೇಲೆ ಹಾವು, ಗುಡ್ಡದ ಕಡೆಯಿಂದ ಇಳಿದು ಬರುವ ಕರಡಿ, ಮಳೆಗಾಲದಲ್ಲಿ ಪಂಪ್‌ಹೌಸಿನ ಒದ್ದೆ ಗೋಡೆ. ಅವನು ವಾಪಸ್ ಬಂದು ಚಪ್ಪಲಿ ಬಿಡುವ ಸದ್ದು ಕೇಳುವವರೆಗೆ ಅಮ್ಮನಿಗೆ ನಿದ್ದೆ ಇರುತ್ತಿರಲಿಲ್ಲ. ಎಷ್ಟೋ ಸಲ ಅಪ್ಪ ಅಷ್ಟು ದೂರ ಹೋಗಿ ಸ್ಟಾರ್ಟರ್ ಒತ್ತುವ ಹೊತ್ತಿಗೆ ಕರೆಂಟೇ ಹೋಗಿರುತ್ತಿತ್ತು.

ನಮ್ಮ ಮನೆಯ ಮೊದಲ ಮೊಬೈಲ್ ನೋಕಿಯಾ 1100. 2003ರಲ್ಲಿ ಬಂದ ಸೆಟ್ ಅದು, ಲೋಕದಲ್ಲೆಲ್ಲ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ಅಪ್ಪ ಅದನ್ನು ತಂದದ್ದು ಮಾತಾಡೋಕೆ ಅಂತಲೇ ಆದರೂ ಜಾಸ್ತಿ ಬಳಸಿದ್ದು ಅದರ ತಲೆಯ ಮೇಲಿದ್ದ ಪುಟ್ಟ ಟಾರ್ಚನ್ನ. ಮಳೆಯಲ್ಲಿ ನೆನೆದರೂ ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಆಮೇಲೆ ಊರಲ್ಲಿ ಆಟೋ ಸ್ಟಾರ್ಟರ್ ಬಂತು. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಶುರುವಾಗೋದು. ಮೊದಲು ಖುಷಿಯಾಯಿತು. ಆದರೆ ಊರಿನ ಅಷ್ಟೂ ಮೋಟಾರ್ ಒಟ್ಟಿಗೆ ಎದ್ದರೆ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್ ತಡೆಯುತ್ತಾ? ಸುಟ್ಟು ಹೋಗೋದು. ಹೊಸ ಟಿಸಿ ಬರುವವರೆಗೆ ಎಲ್ಲರ ತೋಟವೂ ಒಣಗೋದು. ಬೋರಲ್ಲಿ ನೀರಿಲ್ಲದಿದ್ದರೂ ಮೋಟಾರ್ ಸುಮ್ನೆ ತಿರುಗಿ ಕಾಯಿಲ್ ಸುಟ್ಟುಕೊಳ್ಳೋದು. ಆಳದ ಬೋರಿನಿಂದ ಮೋಟಾರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋದು ಅಂದರೆ ಒಂದು ಕೊಯ್ಲಿನ ದುಡ್ಡು ಅಲ್ಲೇ ಹೋಯಿತು ಅಂತ.

ಈಗಿನ ಮೊಬೈಲ್ ಸ್ಟಾರ್ಟರ್ ಎಂಥಾ ಉಪಕಾರ ಅಂತ ನಿನಗೆ ಗೊತ್ತಾಗಲಿ ಅಂತಲೇ ಇದನ್ನೆಲ್ಲ ಹೇಳಿದ್ದು. ನಮ್ಮ ಪಂಪ್‌ಹೌಸಿನಲ್ಲಿ ಟಿಫನ್ ಡಬ್ಬಿಯಷ್ಟು ದೊಡ್ಡ ಒಂದು ಬಾಕ್ಸ್, ಒಳಗೊಂದು ಸಿಮ್. ಮೂರೂ ಫೇಸ್ ಸರಿಯಾಗಿ ಬಂದಾಗ ಅದೇ ಅಪ್ಪನಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳುತ್ತೆ. ಒಂದು ಒತ್ತಿದರೆ ಆನ್. ನೀರು ಕಡಿಮೆಯಾಗಿ ಮೋಟಾರ್ ಎಳೆಯುವ ಕರೆಂಟ್ ಇಳಿದರೆ ಅದಕ್ಕೇ ಗೊತ್ತಾಗಿ ಬಂದ್ ಮಾಡುತ್ತೆ. ಒಂದು ಫೇಸ್ ಹೋದರೂ ಅಷ್ಟೇ. ಕೃಷಿ ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂತ ಸರ್ಕಾರದ ಲೆಕ್ಕ, ಅದು ಯಾವ ಹೊತ್ತಿಗೆ ಬಂದರೂ ನಾವೀಗ ಹೆದರುವುದಿಲ್ಲ. ಅಪ್ಪ ಮಲಗಿದಲ್ಲೇ ಒಂದು ಒತ್ತಿ ಮಗ್ಗುಲು ಬದಲಿಸುತ್ತಾನೆ. ಅಮ್ಮನಿಗೆ ಎಚ್ಚರವೂ ಆಗುವುದಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಮನೆಗೆ ಬಂದ ವಸ್ತುಗಳಲ್ಲಿ ಅಮ್ಮನಿಗೆ ನಿದ್ದೆ ಕೊಟ್ಟದ್ದು ಇದೊಂದೇ.

ಕ್ಸೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಮಾರ್ಕ್ ವೈಸರ್ ಬಗ್ಗೆ ನೀನು ಒಂದು ಸಲ ಹೇಳಿದ್ದೆ. ಆಮೇಲೆ ನಾನೂ ಹುಡುಕಿ ಓದಿದೆ. ಕಂಪ್ಯೂಟರ್ ಒಂದು ಡಬ್ಬಿಯಾಗಿ ಮೇಜಿನ ಮೇಲೆ ಕೂರುವ ಕಾಲ ಮುಗಿಯುತ್ತೆ, ಅದು ಎಲ್ಲಾ ವಸ್ತುಗಳೊಳಗೆ ಸೇರಿ ಕಣ್ಣಿಗೆ ಕಾಣದ ಹಾಗಾಗುತ್ತೆ ಅಂತ ಅವರು 1991ರಲ್ಲೇ ಬರೆದಿದ್ದರು. ನನಗೆ ಹಿಡಿಸಿದ್ದು ಅವರು ಅದಕ್ಕೆ ಕೊಟ್ಟ ಉದಾಹರಣೆ. ಮೋಟಾರು! ಹಿಂದೆ ಒಂದು ಕಾರ್ಖಾನೆಗೆಲ್ಲ ಒಂದೇ ಇಂಜಿನ್, ಅದರಿಂದ ಬೆಲ್ಟು, ರಾಟೆ ಹಾಕಿ ಎಲ್ಲಾ ಯಂತ್ರ ತಿರುಗಿಸುತ್ತಿದ್ದರು. ಆಮೇಲೆ ಸಣ್ಣ ಮೋಟಾರ್ ಅಗ್ಗವಾಗಿ ಒಂದೊಂದು ಯಂತ್ರಕ್ಕೂ ಒಂದೊಂದು ಬಂತು. ಒಂದು ಕಾರಿನಲ್ಲೇ 22 ಮೋಟಾರ್ ಇರುತ್ತೆ, ಓಡಿಸುವವನಿಗೆ ಅದರ ನೆನಪೂ ಇರುವುದಿಲ್ಲ ಅಂತ ಬರೆದಿದ್ದಾರೆ. ನಮ್ಮ ಪಂಪ್‌ಹೌಸಿನ ಬಾಕ್ಸೂ ಹಾಗೇ ಅಲ್ವಾ. ಅಪ್ಪನನ್ನು ಕೇಳಿದರೆ ನಾನು ಕಂಪ್ಯೂಟರ್ ಮುಟ್ಟಿಯೇ ಇಲ್ಲ ಅಂತಾನೆ. ವೈಸರ್ 1999ರಲ್ಲಿ, 46ನೇ ವಯಸ್ಸಿಗೇ ತೀರಿಕೊಂಡರು. ಇವತ್ತಿನ ಒಂದು ಸ್ಮಾರ್ಟ್‌ಫೋನನ್ನೂ ಅವರು ನೋಡಲಿಲ್ಲ ಅನ್ನೋದು ನನಗೆ ನಿಜವಾಗಿ ಸಂಕಟವಾಗುತ್ತೆ.

ಅದೇ ಕೇಂದ್ರದಲ್ಲಿ ನಟಾಲಿ ಜೆರೆಮಿಜೆಂಕೊ ಅನ್ನುವ ಕಲಾವಿದೆ ಮೇಲ್ಛಾವಣಿಗೆ ಒಂದು ಸಣ್ಣ ಮೋಟಾರ್ ಕಟ್ಟಿ, ಅದರಿಂದ ಎಂಟು ಅಡಿಯ ಪ್ಲಾಸ್ಟಿಕ್ ದಾರ ಇಳಿಬಿಟ್ಟಿದ್ದರಂತೆ. ನೆಟ್‌ವರ್ಕ್‌ನಲ್ಲಿ ಓಡಾಟ ಜಾಸ್ತಿಯಾದರೆ ದಾರ ಗಿರಗಿರ ತಿರುಗೋದು, ಕಡಿಮೆಯಾದರೆ ಆಗೊಮ್ಮೆ ಈಗೊಮ್ಮೆ ಅಲುಗೋದು. ಯಾರೂ ಪರದೆ ನೋಡಬೇಕಿರಲಿಲ್ಲ, ಸದ್ದಿನಲ್ಲೇ ಗೊತ್ತಾಗೋದು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸರ್ಕಲ್ಲಿನ ಹೂ ಮಾರುವ ಅಕ್ಕ. ಅವಳ ಬುಟ್ಟಿಯ ಪಕ್ಕ ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಇದೆ. ಎರಡೂ ಕೈಯಲ್ಲಿ ಹೂವಿನ ಮೊಳ ಹಾಕುತ್ತಿರುತ್ತಾಳೆ, ಡಬ್ಬಿ ಮೂವತ್ತು ರೂಪಾಯಿ ಅನ್ನುತ್ತೆ, ಅವಳು ತಲೆಯನ್ನೂ ಎತ್ತದೆ ಹೂ ಕತ್ತರಿಸಿ ಎಲೆಯಲ್ಲಿ ಸುತ್ತಿ ಕೊಡುತ್ತಾಳೆ. 2016ರಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2000 ಕೋಟಿ ವಹಿವಾಟು ದಾಟಿತು. ಅಷ್ಟರಲ್ಲಿ ಇವಳ ಮೂವತ್ತು, ನಲವತ್ತೂ ಸೇರಿದೆ.

ಆದರೆ ನೆಟ್‌ವರ್ಕ್ ಹೋದ ದಿನ ಅವಳ ವ್ಯಾಪಾರ ನಿಲ್ಲುವುದಿಲ್ಲ ನೋಡು. ನೋಟು ಇದ್ದರೆ ನೋಟು, ಇಲ್ಲದಿದ್ದರೆ "ನಾಳೆ ಕೊಡಿ ಬಿಡಿ" ಅಂತಾಳೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ನಿಮ್ಮ ಬೆಂಗಳೂರಲ್ಲೇ ಎಷ್ಟೋ ಅಂಗಡಿಗಳವರು ಕ್ಯೂಆರ್ ಚೀಟಿ ಕಿತ್ತು "ನೋ ಯುಪಿಐ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದರಲ್ಲ. ಸರಿಯೋ ತಪ್ಪೋ ಅದು ಬೇರೆ ಮಾತು. ಹಾಗೆ ಮಾಡೋಕೆ ಆದದ್ದು ಯಾಕೆ ಅಂದರೆ ಹಳೆಯ ದಾರಿ ಇನ್ನೂ ಮುಚ್ಚಿರಲಿಲ್ಲ.

ಹಳೆಯ ದಾರಿ ಮುಚ್ಚಿದರೆ ಏನಾಗುತ್ತೆ ಅಂತ ಈಗ ಹೇಳುತ್ತೇನೆ. ನಮ್ಮ ಪಕ್ಕದ ಮನೆ ಅಜ್ಜಿ ನಿನಗೆ ಗೊತ್ತು, ನಿನಗೆ ಹುಣಸೆಕಾಯಿಗೆ ಉಪ್ಪು ಹಚ್ಚಿ ಕೊಡುತ್ತಿದ್ದವಳು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನು ಹಿಡಿದು ರಾತ್ರಿ ಶಾಲೆಗೆ ಹೋಗಿ ಸಹಿ ಹಾಕೋಕೆ ಕಲಿತಳು. ಹೆಬ್ಬೆಟ್ಟು ಅನ್ನಿಸಿಕೊಳ್ಳಬಾರದು ಅಂತ. ರೇಷನ್ ಅಂಗಡಿಯ ಪುಸ್ತಕದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಿದ್ದಳು, ಹಿಂದೆ ಕ್ಯೂನಲ್ಲಿದ್ದವರು ಕಾಯುತ್ತಿದ್ದರು. ಈಗ ಸಹಿ ಬೇಡ. ಹೆಬ್ಬೆಟ್ಟೇ ಬೇಕು. ಆ ಹೆಬ್ಬೆಟ್ಟೋ, ನಲವತ್ತು ವರ್ಷ ಹುಣಸೆ ಕುಟ್ಟಿ, ಅಡಿಕೆ ಸುಲಿದು ಸವೆದು ನುಣ್ಣಗಾಗಿದೆ. ಹೋದ ತಿಂಗಳು ನಾನೇ ಅವಳ ಜೊತೆ ಹೋಗಿದ್ದೆ. ಬೆರಳನ್ನು ಸೆರಗಿನಲ್ಲಿ ಒರೆಸಿ ಇಟ್ಟಳು, ಆಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಳು, ಆಗಲಿಲ್ಲ. ಹತ್ತೂ ಬೆರಳು ನೋಡಿದ್ದಾಯಿತು. ಓಟಿಪಿ ಬರುವುದು ಬೆಂಗಳೂರಲ್ಲಿರುವ ಮಗನ ನಂಬರಿಗೆ, ಅವನು ಡ್ಯೂಟಿಯಲ್ಲಿ ಫೋನ್ ಎತ್ತಲಿಲ್ಲ. ಅಂಗಡಿಯವರು ಕೆಟ್ಟವರಲ್ಲ, ಪಾಪ ಅವರ ಕೈಯಲ್ಲೂ ಏನಿಲ್ಲ. ಮೆಷೀನ್ ಒಪ್ಪದೆ ತಕ್ಕಡಿ ಮುಟ್ಟುವ ಹಾಗಿಲ್ಲ. "ನಾನು ಸಹಿ ಹಾಕ್ತೀನಪ್ಪ, ನಂಗೆ ಬರುತ್ತೆ" ಅಂದಳು ಅಜ್ಜಿ. ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಬಂದೆವು. ಮೂರನೇ ಸಲ ಹೋದಾಗ ಅಕ್ಕಿ ಸಿಕ್ಕಿತು. ಆ ಮಾತು ಮಾತ್ರ ನನ್ನ ಕಿವಿಯಲ್ಲೇ ಉಳಿದಿದೆ.

ಮೆಷೀನೇ ಬೇಡ ಅಂತ ನಾನು ಹೇಳುವುದಿಲ್ಲ. ಹಿಂದೆ ಯಾರದೋ ಅಕ್ಕಿ ಯಾರೋ ಬರೆಸಿಕೊಂಡು ಹೋಗುತ್ತಿದ್ದ ಕಾಲವೂ ನಮಗೆ ಗೊತ್ತು. ಆದರೆ ಅದು ಕೈಕೊಟ್ಟಾಗ ಎದುರಿಗಿರುವ ಮನುಷ್ಯನ ಕೈಗೆ ಕೆಲಸ ವಾಪಸ್ ಬರಬೇಕು. ನಮ್ಮ ಬಾಕ್ಸ್‌ನಲ್ಲಿ ಹಾಗಿದೆ. ಈ ಬೇಸಿಗೆಯಲ್ಲಿ ಸ್ಟಾರ್ಟರ್‌ನ ಸಿಮ್ಮಿಗೆ ರೀಚಾರ್ಜ್ ಮುಗಿದದ್ದು ಗಮನಕ್ಕೆ ಬರಲಿಲ್ಲ. ನಾವೆಲ್ಲ ಹಾಸನದಲ್ಲಿ ಮದುವೆಗೆ ಹೋಗಿದ್ದೆವು. ಫೋನ್ ಮಾಡಿದರೆ ಬಾಕ್ಸ್ ಎತ್ತುತ್ತಿಲ್ಲ, ಹೊಸದಾಗಿ ಇಟ್ಟ ಅಡಿಕೆ ಸಸಿಗೆ ಎರಡು ದಿನದಿಂದ ನೀರಿಲ್ಲ. ಪಕ್ಕದ ತೋಟದ ಚಿಕ್ಕಪ್ಪನಿಗೆ ಹೇಳಿದೆ. ಹೋಗಿ ಹಸಿರು ಬಟನ್ ಒತ್ತಿದರು, ಸಂಜೆ ಕೆಂಪು ಒತ್ತಿದರು, ಅಷ್ಟೇ. ನಿಮ್ಮ ಹೊಸ ಬಾಕ್ಸ್ ಆಗಿದ್ದರೆ? ಚಿಕ್ಕಪ್ಪನ ಫೋನಿನಲ್ಲಿ ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ, ಓಟಿಪಿ ಬರುವುದು ನನಗೆ. ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ಅವರು ಏನು ಮಾಡಬೇಕಿತ್ತು ಹೇಳು.

ಅದಕ್ಕೇ ಬಟನ್ ಇರಲಿ ಅಂದದ್ದು. ಇನ್ನೊಂದೆರಡು ಮಾತು ಇದರ ಜೊತೆಗೇ ಹೇಳಿಬಿಡುತ್ತೇನೆ. ರೀಚಾರ್ಜ್ ಮುಗಿಯುವ ಎರಡು ದಿನ ಮೊದಲೇ ಬಾಕ್ಸ್ ಫೋನ್ ಮಾಡಿ ಹೇಳಲಿ. ಬರೀ ಮೆಸೇಜ್ ಕಳಿಸಿದರೆ ಅಪ್ಪ ನೋಡುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರೂ ಬರೀ ಕರೆ ಮಾಡಿ ಮೋಟಾರ್ ಹಾಕುವ ಹಾಗಿರಲಿ. ಕನ್ನಡವನ್ನು ಆಮೇಲೆ ಸೇರಿಸೋಣ ಅಂತ ಬಿಡಬೇಡ. ನಮ್ಮ ಮೊದಲ ಸ್ಮಾರ್ಟ್‌ಫೋನಿನಲ್ಲಿ ಕನ್ನಡ ಅಂದರೆ ಬರೀ ಚೌಕ ಚೌಕ, 2012ರಲ್ಲಿ ಆಂಡ್ರಾಯ್ಡ್ 4.1 ಬರುವವರೆಗೂ ಕಾಯಬೇಕಾಯಿತು, ಆ ಆಮೇಲೆ ಅನ್ನುವುದು ಎಷ್ಟು ಉದ್ದ ಅಂತ ನಿನಗೂ ಗೊತ್ತು. ನಾಳೆ ನಿಮ್ಮ ಕಂಪನಿಯೇ ಇಲ್ಲದಿದ್ದರೂ ಬಾಕ್ಸ್ ನಡೆಯಬೇಕು. ಮೋಟಾರ್ ಹತ್ತು ಹದಿನೈದು ವರ್ಷ ಬಾಳುತ್ತೆ, ಆ್ಯಪ್ ಅಷ್ಟು ಬಾಳುತ್ತಾ?

ಮುಂದಿನ ತಿಂಗಳು ಒಂದೆರಡು ದಿನ ಬಿಡುವು ಮಾಡಿಕೊಂಡು ಬಾ. ರೇಷನ್ ಕೊಡುವ ದಿನ ನೋಡಿ ಹೇಳುತ್ತೇನೆ, ಅಜ್ಜಿಯ ಜೊತೆ ನೀನೂ ಕ್ಯೂನಲ್ಲಿ ನಿಲ್ಲು. ಬರುವಾಗ ಆ ಹೊಸ ಬಾಕ್ಸ್‌ನದೊಂದು ಮಾದರಿ ತಾ. ಪಂಪ್‌ಹೌಸಿನಲ್ಲಿ ಅದನ್ನು ಗೋಡೆಗೆ ಹಾಕಿ, ಅಪ್ಪನಿಗೆ ಏನೂ ಹೇಳದೆ ನಾವಿಬ್ಬರೂ ಹೊರಗೆ ತೆಂಗಿನ ಮರದ ಕೆಳಗೆ ನಿಲ್ಲೋಣ. ಅವನ ಕೈ ಮೊದಲು ಎಲ್ಲಿಗೆ ಹೋಗುತ್ತೆ ಅಂತ ನೀನೇ ನೋಡು.

ನಿನ್ನ
ತೋಟದ ಗೆಳೆಯ