ಕೇಮನ್ ಮಾರಿದ್ದು ಹೆಂಗೆ ಅಂತ: ಗೆಳೆಯನಿಗೊಂದು ಪತ್ರ

ದೋಸ್ತ,

ನಿನ್ನೆ ಫೋನಲ್ಲಿ ನೀನು, ನನ್ನ ಕಾರು ಮಾರಿಕೊಡೋಕೆ ಬ್ರೋಕರ್ ಒಬ್ಬ ಸಿಕ್ಕಿದಾನೆ ಮಾರಾಯ, ಫಾರಂಗೆಲ್ಲ ಸೈನ್ ಹಾಕಿ ಕೊಟ್ಬಿಡಿ ಉಳಿದಿದ್ದು ನಾ ನೋಡ್ಕೋತೀನಿ ಅಂತಿದಾನೆ ಅಂದ್ಯಲ್ಲ, ಆವಾಗಿಂದ ನಂಗೆ ಸಮಾಧಾನ ಇಲ್ಲ. ಅಷ್ಟೊತ್ತಿಗೆ ಇಲ್ಲಿ ಕರೆಂಟು ಹೋಯ್ತು, ಹಿಂದೇನೇ ಟವರೂ ಹೋಯ್ತು, ಹೇಳಬೇಕಾಗಿದ್ದು ಬಾಯಲ್ಲೇ ಉಳೀತು. ಅದಕ್ಕೇ ಬರೀತಿದೀನಿ, ನಮ್ಮ ಕಡೆ ಇಂಥ ಗಾಡಿ ಇಟ್ಕೊಂಡಿರೋ ಬೇರೆಯವ್ರಿಗೂ ಉಪಯೋಗ ಆಗ್ಲಿ ಅಂತ ಎಲ್ಲರಿಗೂ ಕಾಣೋ ಹಂಗೇ ಹಾಕ್ತಿದೀನಿ. ಮೊದಲ ಮಾತು, ಖಾಲಿ ಫಾರಂ ಮೇಲೆ ಸೈನ್ ಹಾಕಬೇಡ ಕಣೋ. ಯಾಕೆ ಅಂತ ಮುಂದೆ ಹೇಳ್ತೀನಿ.

ನನ್ನ ಪೋರ್ಷೆ ಸ್ಪೋರ್ಟ್ಸ್ ಕಾರು, ಕೇಮನ್, ನಾನು ಎಷ್ಟು ಆಸೆಪಟ್ಟು ತಗೊಂಡಿದ್ದು ಅಂತ ನಿಂಗೆ ಗೊತ್ತು. 2014ರ ಗಾಡಿ, 2.7 ಲೀಟರ್ ಫ್ಲಾಟ್ ಸಿಕ್ಸ್, ಅಂದ್ರೆ ಆರು ಸಿಲಿಂಡರು ಅಡ್ಡ ಮಲಗಿರೋ ಇಂಜಿನ್, ಅದು ಸೀಟಿನ ಬೆನ್ನಿಗೇ ಕೂತಿರತ್ತೆ, ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಆ ಸದ್ದು ಬೆನ್ನುಮೂಳೆಲೇ ಕೇಳ್ತಿತ್ತು. ಬೆಂಗಳೂರಲ್ಲಿದ್ದಾಗ ಸರಿ. ಅಪ್ಪಯ್ಯಂಗೆ ಮಂಡಿ ಆಪರೇಷನ್ ಆಗಿ ನಾನು ತೀರ್ಥಹಳ್ಳಿ ಕಡೆ ತೋಟಕ್ಕೆ ಬಂದು ಕೂತ ಮೇಲೆ ಗಾಡಿ ಪಾಡು ಹೇಳತೀರದು. ಟಾರ್ ರಸ್ತೆಯಿಂದ ಮನೆವರೆಗೆ ಮಣ್ಣು ದಾರಿ, ಒಂದು ಮಳೆ ಬಂದ್ರೆ ಕೊರಕಲು ಬೀಳತ್ತೆ, ಜೂನಿಂದ ದೀಪಾವಳಿವರೆಗೂ ಅದು ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಟಾರ್ಪಾಲು ಹೊದ್ದು ನಿಂತಿರೋದು. ಸ್ಟೇರಿಂಗ್ ಮೇಲೆ, ಸೀಟಿನ ಹೊಲಿಗೆ ಸಂದೀಲಿ ಬೂಸ್ಟು. ಒಂದ್ಸಲ ಬ್ಯಾಟರಿ ಪೂರ್ತಿ ಸತ್ತೋಯ್ತು, ಬ್ಯಾಟರಿ ಇರೋದು ಮುಂದಿನ ಬಾನೆಟ್ ಒಳಗೆ, ಬಾನೆಟ್ ತೆಗೆಯೋಕೆ ಬೇಕಾಗಿರೋದು ಕರೆಂಟು! ಫ್ಯೂಸ್ ಬಾಕ್ಸಲ್ಲಿ ಎಳೆದ್ರೆ ಹೊರಗೆ ಬರೋ ಒಂದು ಪಿನ್ ಇದೆ, ಅದಕ್ಕೆ ಹೊರಗಿನ ಬ್ಯಾಟರಿ ಕೊಟ್ಟು ತೆಗೀಬೇಕು, ಅದು ಗೊತ್ತಾಗೋಕೇ ನಂಗೆ ಎರಡು ದಿನ ಹಿಡೀತು. ಅಪ್ಪಯ್ಯ ದಿನಾ ಬೆಳಿಗ್ಗೆ ಹಾಲು ಕರೆಯೋಕೆ ಹೋದಾಗ ಟಾರ್ಪಾಲು ಎತ್ತಿ ಇಲಿ ಸೇರ್ಕೊಂಡಿದೆಯಾ ಅಂತ ನೋಡಿ ಬರ್ತಿದ್ರು, ಕೋಲು ಊರ್ಕೊಂಡು. ಅದನ್ನ ನೋಡಿದ ದಿನಾನೇ ಮಾರೋದು ಅಂತ ತೀರ್ಮಾನ ಮಾಡಿದ್ದು.

ಜಾಹೀರಾತು ಹಾಕಿದ ಮೊದಲ ವಾರ ಬಂದಿದ್ದೆಲ್ಲ ಬರೀ ಫೋನು. ಒಬ್ಬ, ನಾನು ಆರ್ಮಿಲಿದೀನಿ ಸಾರ್, ಗಾಡಿ ನೋಡೋದೇ ಬೇಡ, ಈಗಲೇ ಅಡ್ವಾನ್ಸ್ ಹಾಕ್ತೀನಿ, ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ದುಡ್ಡು ತಗೊಳ್ಳೋಕೆ ಯಾವತ್ತೂ ಪಿನ್ ಬೇಡ, ಪಿನ್ ಕೇಳಿದ್ರೆ ದುಡ್ಡು ನಿನ್ನ ಖಾತೆಯಿಂದ ಹೋಗ್ತಿದೆ ಅಂತ್ಲೇ ಅರ್ಥ, ನಿಮ್ಮನೇಲಿ ಅಮ್ಮಂಗೂ ಇದನ್ನ ಹೇಳಿಡು. ಇನ್ನೊಬ್ರು ಅರ್ಧ ದುಡ್ಡು ಕ್ಯಾಶ್ ಕೊಡ್ತೀವಿ ಅಂದ್ರು. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋ ಹಾಗಿಲ್ಲ, ತಗೊಂಡೋರಿಗೇ ಅಷ್ಟೇ ಮೊತ್ತದ ದಂಡ, ಅಂದ್ರೆ ಸಿಕ್ಕಿಬೀಳೋದು ನೀನು, ಕೊಟ್ಟೋನಲ್ಲ. ಆರ್‌ಟಿಜಿಎಸ್, ಅಂದ್ರೆ ಬ್ಯಾಂಕಿಂದ ಬ್ಯಾಂಕಿಗೆ ನೇರ ಹಾಕೋದಾದ್ರೆ ಮಾತ್ರ ಅಂತ ನಾನು ಮೊದಲೇ ಹೇಳಿಬಿಡ್ತಿದ್ದೆ. ಕೊಚ್ಚಿಯಿಂದ ಒಬ್ರು ಒಳ್ಳೆಯವ್ರೇ ಕೇಳಿದ್ರು, ಆದ್ರೆ ಬೇರೆ ರಾಜ್ಯ ಅಂದ್ರೆ ಫಾರಂ 28ರ ಎನ್‌ಒಸಿ, ಅಂದ್ರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ ಬೇಕು, ಅವರು ಅಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ಲೆಕ್ಕ ಹಾಕಿ ಅವರೇ ಬಿಟ್ರು.

ಕಡೆಗೆ ತಗೊಂಡಿದ್ದು ಮಂಗಳೂರಿನ ಒಬ್ರು, ವಯಸ್ಸು ಐವತ್ತರ ಹತ್ರ, ತಮ್ಮನ ಜೊತೆ ಬಂದಿದ್ರು. ಅಮ್ಮ ಕಾಫಿ ತರೋಕೆ ಮುಂಚೆನೇ ನಾನು ಗಾಡಿ ಕೊರತೆಯೆಲ್ಲ ಒಂದು ಹಾಳೆಲಿ ಬರೆದಿದ್ದನ್ನ ಕೈಗೆ ಕೊಟ್ಟೆ. ಮುಂದಿನ ಬಂಪರ್ ಕೆಳಗಡೆ ನಮ್ಮ ದಾರಿ ಕಲ್ಲಿಗೆ ತಾಗಿ ಕೆರೆದಿದೆ, ಎಡ ಹಿಂದಿನ ವೀಲ್ ರಿಪೇರಿ ಮಾಡ್ಸಿದ್ದು, ಒಂದು ವೈರು ಇಲಿ ಕಡಿದು ಬದಲಾಯ್ಸಿದ್ದು, ಬೂಸ್ಟು ಬಂದಿದ್ದು, ಟೈರು ಸವೆದಿಲ್ಲ ಆದ್ರೆ ಹಳೇದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ ನೋಡು, ಮೊದಲೆರಡು ವಾರ, ಕೊನೆಯೆರಡು ವರ್ಷ, ನಂದ್ರಲ್ಲಿ 2318 ಅಂತಿತ್ತು. ಅವರು ಬೆರಳಿಟ್ಟು ಓದಿದ್ರು, ಆಮೇಲೆ ಒಂದೊಂದನ್ನೇ ಹೋಗಿ ಬಗ್ಗಿ ನೋಡಿದ್ರು. ನಂಗೆ ಎದೆ ಹೊಡ್ಕೊಳ್ತಿತ್ತು. ಎದ್ದು ನಿಂತು, ಇದುವರೆಗೆ ನಾಲ್ಕು ಗಾಡಿ ನೋಡಿದೆ, ಯಾರೂ ಹೀಗೆ ಬರೆದುಕೊಟ್ಟಿಲ್ಲ ಅಂದ್ರು. ದೋಸ್ತ, ಆಮೇಲೆ ಅವರು ಕಂಪ್ಯೂಟರ್ ಹಾಕಿ ಚೆಕ್ ಮಾಡ್ಸಬೇಕು ಅಂದ್ರೂ ನಂಗೆ ಭಯ ಆಗ್ಲಿಲ್ಲ, ಅದರಲ್ಲಿ ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ಬರತ್ತೆ, ಕಿಲೋಮೀಟರನ್ನ ಅದರಿಂದ ಭಾಗಿಸಿದ್ರೆ ಸರಾಸರಿ ವೇಗ ಬರತ್ತೆ, ಅದು ತೀರಾ ಕಮ್ಮಿ ಇದ್ರೆ ಮೀಟರ್ ತಿರುಗಿಸಿದ್ದಾರಾ ಅಂತ ಅಂದಾಜು ಸಿಗತ್ತೆ. ಎಲ್ಲ ಸರಿಯಾಗೇ ಬಂತು. ನಾನು ಹೇಳಿದ್ದು 48 ಲಕ್ಷ, ಅವರು ಟೈರಿನ ಖರ್ಚು ಕಳೆದು 44 ಅಂದ್ರು, ನಲವತ್ನಾಲ್ಕೂವರೆಗೆ ಕೈ ಕೊಟ್ವಿ.

ಟೆಸ್ಟ್ ಡ್ರೈವ್‌ಗೆ ಮುಂಚೆ ಲೈಸೆನ್ಸ್ ಫೋಟೋ ತಗೊಂಡಿದ್ದೆ, ಪಕ್ಕದಲ್ಲಿ ನಾನೇ ಕೂತಿದ್ದೆ, ನೀನೂ ಹಂಗೇ ಮಾಡು, ಕೀ ಕೊಟ್ಟು ಅಂಗಳದಲ್ಲಿ ನಿಂತ್ಕೋಬೇಡ.

ಈಗ ಪೇಪರ್ ವಿಷಯ, ನಿಂಗೆ ಮುಖ್ಯ ಇದೇ. ಲೋನ್ ತೀರಿ ಎಷ್ಟೋ ವರ್ಷ ಆಗಿದ್ರೂ ನನ್ನ ಆರ್‌ಸಿಲಿ, ಅಂದ್ರೆ ಗಾಡಿ ನೋಂದಣಿ ಪತ್ರದಲ್ಲಿ, ಬ್ಯಾಂಕಿನ ಹೆಸರು ಹಂಗೇ ಕೂತಿತ್ತು. ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಅದನ್ನ ತೆಗೆಸೋಕೇ ದಿನ ಹಿಡೀತು, ಅದಾಗದೆ ಮುಂದೆ ಹೆಜ್ಜೆ ಇಡೋಕೇ ಆಗಲ್ಲ. ಆಮೇಲೆ ಗಾಡಿ ಹೆಸರು ಬದಲಾಯ್ಸೋ ಫಾರಂಗಳು, ಫಾರಂ 29 ಎರಡು ಕಾಪಿ, ಫಾರಂ 30. ಒಳಗೆ ಕೊಳ್ಳೋರ ಹೆಸರು, ತಾರೀಕು ತುಂಬಿದ ಮೇಲೇ ಸೈನ್. ಒಂದೇ ರಾಜ್ಯದೊಳಗೆ ಆದ್ರೆ ಮಾರಿದೋರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡೋರು 30 ದಿನದೊಳಗೆ ಅರ್ಜಿ ಹಾಕಬೇಕು. ಬ್ರೋಕರ್ ಕೈಗೆ ಖಾಲಿ ಫಾರಂ ಹೋದ್ರೆ ಗಾಡಿ ಮೂರು ಕೈ ದಾಟಿದ್ರೂ ಹೆಸರು ನಿಂದೇ ಇರತ್ತೆ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದು ಇಂಥದ್ದೇ ಕೇಸು, ಗಾಡಿ ಮಾರಿ, ಅದು ಕೈ ಬದಲಾಯ್ತಾ ಹೋಗಿ, ಆಕ್ಸಿಡೆಂಟ್ ಆಯ್ತು, ಆರ್‌ಸಿಲಿ ಹೆಸರಿದ್ದೋರೇ ಪರಿಹಾರ ಕೊಡಬೇಕು ಅಂತ ತೀರ್ಪಾಯ್ತು. ನಿಂದು ಮಾಮೂಲಿ ಗಾಡಿ ಅಲ್ಲ, ತಗೊಂಡ ಹುಡುಗ್ರು ರಾತ್ರಿ ಹೈವೇಲಿ ಓಡಿಸೋ ಗಾಡಿ, ನಿದ್ದೆ ಬರತ್ತಾ ಹೇಳು.

ಗಾಡಿ ಕೊಡೋ ದಿನ ತಾರೀಕು, ಗಂಟೆ, ಮೀಟರ್ ರೀಡಿಂಗ್ ಬರೆದು ಇಬ್ರೂ ಸೈನ್ ಮಾಡಿದ್ವಿ. ಫಾಸ್ಟ್‌ಟ್ಯಾಗ್ ಕ್ಲೋಸ್ ಮಾಡ್ಸು, ಇಲ್ಲಾಂದ್ರೆ ಅವರು ಟೋಲ್ ದಾಟಿದ ಹಾಗೆಲ್ಲ ನಿನ್ನ ಖಾತೆಯಿಂದ ಹೋಗ್ತಿರತ್ತೆ. ಹಳೇ ಚಲನ್ ಏನಾದ್ರೂ ಇದ್ರೆ ಕಟ್ಟು. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ, ಗಾಡಿದಲ್ಲ, ನಿಂದು, 50 ಪರ್ಸೆಂಟ್‌ವರೆಗೂ ಇರತ್ತೆ, ಅದರ ಸರ್ಟಿಫಿಕೇಟ್ ತಗೊಂಡ್ರೆ 3 ವರ್ಷದೊಳಗೆ ಮುಂದಿನ ಗಾಡಿಗೆ ಹಾಕ್ಕೋಬಹುದು. ಮ್ಯೂಸಿಕ್ ಸಿಸ್ಟಮಲ್ಲಿ ಉಳ್ಕೊಂಡಿರೋ ಫೋನ್ ನಂಬರ್ ಅಳಿಸು, ನಾನು ಅದನ್ನ ಕೊನೇ ಗಳಿಗೇಲಿ ನೆನಪು ಮಾಡ್ಕೊಂಡೆ.

ಅವರು ಹೊರಟಾಗ ಅಪ್ಪಯ್ಯ ಗೇಟ್‌ವರೆಗೂ ನಡ್ಕೊಂಡು ಬಂದ್ರು, ಕೊರಕಲು ಇರೋ ಕಡೆ ನಿಂತು ಎಡಕ್ಕೆ ತಗೊಳ್ಳಿ, ಇನ್ನೂ ಎಡಕ್ಕೆ ಅಂತ ಕೈ ಮಾಡಿ ತೋರಿಸಿದ್ರು. ಟಾರ್ ರಸ್ತೆ ಸಿಕ್ಕಿದ ಮೇಲೆ ಆ ಇಂಜಿನ್ ಸದ್ದು ತೋಟದಾಚೆ ತಿರುವು ದಾಟೋವರೆಗೂ ಕೇಳಿಸ್ತು. ಹದಿನೆಂಟನೇ ದಿನ ಹೊಸ ಆರ್‌ಸಿ ಫೋಟೋ ಬಂತು, ಅವರ ಹೆಸರಲ್ಲಿ, ಅವತ್ತೇ ನಾನು ಶೆಡ್ಡಿನ ಟಾರ್ಪಾಲು ಮಡಚಿ ಇಟ್ಟಿದ್ದು.

ನಿನ್ನ ಗಾಡಿ ರೂಫ್ ಮಡಚೋವಾಗ ಅರ್ಧಕ್ಕೇ ನಿಲ್ಲತ್ತೆ ಅಂದಿದ್ಯಲ್ಲ, ಅದನ್ನೇ ಹಾಳೆಲಿ ಮೊದಲನೇ ಸಾಲಲ್ಲಿ ಬರಿ. ಭಾನುವಾರ ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಬರ್ತಿದ್ದ ಟ್ರಿಪ್ಪು ಸೋಮವಾರಕ್ಕೆ ಹೋಗಿದೆ, ಬೆಳಿಗ್ಗೆ ನಿಮ್ಮನೆಗೇ ಬರ್ತೀನಿ, ಅಷ್ಟರೊಳಗೆ ಆರ್‌ಸಿಯ ಎರಡೂ ಕಡೆ ಫೋಟೋ ಕಳಿಸು, ಬ್ಯಾಂಕಿನ ಹೆಸರು ಇದೆಯೋ ಇಲ್ವೋ ನೋಡಬೇಕು. ಬ್ರೋಕರಿಗೆ ಅಲ್ಲೀವರೆಗೂ ಏನೂ ಕೊಡಬೇಡ.

ನಿನ್ನ ದೋಸ್ತ